ಕಾಶಿಬಾಯಿ ತುಂಬಿಕೊಟ್ಟ ರಂಜಕ

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರಿನ ಟ್ರಾವೆಲ್ಸ್ ಅಂಗಡಿಯಲ್ಲಿ ಸಂಬಳಕ್ಕೆ ಕೂತ ಹೊಸದರಲ್ಲಿ, ಇದನ್ನು ಬರೆಯುತ್ತಿರುವ ಬಡಪಾಯಿ ‘ಕ್ಯಾಬಿನ್ ಬ್ಯಾಗ್’ ಎಂದರೆ ಡ್ರೈವರನ ಕ್ಯಾಬಿನ್ನಿನಲ್ಲಿ ಇಡುವ ಬ್ಯಾಗ್ ಎಂದೇ ತಿಳಿದಿದ್ದ. ಕಬ್ಬಿನ ಲಾರಿಯದು ಬಿಟ್ಟರೆ ಬೇರೆ ಕ್ಯಾಬಿನ್ ಅವನು ಕಂಡಿದ್ದರೆ ತಾನೆ? ದುಬೈಗೆ ಹೊರಟಿದ್ದ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರಿಗೆ, “ಏಳ ಕಿಲೋದ್ದು ಪೈಲಟ್‌ನ ಕಾಲಾಗ ಇಡತಾರ್ರಿ, ಇಳಿಯೂಮುಂದ ಕೇಳಿ ಇಸಗೋರಿ” ಎಂದು ಗಂಭೀರವಾಗಿ ಹೇಳಿ ಕಳಿಸಿದ. ಅವರು ತಿರುಗಿ ಬಂದು ಅಂಗಡಿಯ ಬಾಗಿಲಲ್ಲಿ ನಿಂತು ಬೈಯುವಾಗ ಕನ್ನಡ, ಮರಾಠಿ ಎರಡೂ ಸಾಲದೆ ಹಿಂದಿಯೂ ಬೇಕಾಯಿತು. ಆಮೇಲೆ ಇವನು ಹಟಕ್ಕೆ ಬಿದ್ದು ಕೈಚೀಲದ ಕಾಯ್ದೆಗಳನ್ನು ಬಾಯಿಪಾಠ ಮಾಡಿದ. ಆ ಪಾಠವನ್ನು ಇವನಿಂದ ಪೂರ್ತಿ ಕಲಿತು ಹೋದವಳು ಕಬ್ಬೂರಿನ ಕಾಶಿಬಾಯಿ ಒಬ್ಬಳೇ. ಕಲಿತದ್ದು ಪ್ರವಾಸಕ್ಕಲ್ಲ, ಸೇಡಿಗೆ.

ಕಾಶಿಬಾಯಿಯದು ಕಬ್ಬು, ದ್ರಾಕ್ಷಿ ಎರಡೂ ಇರುವ ಜೈನರ ಮನೆ. ಗಂಡ ರಾವಸಾಹೇಬ ತೋಟದ ಮಾತು ಬಿಟ್ಟು ಬೇರೆ ಮಾತಿಗೆ ಬಾಯಿ ತೆರೆಯುವವನಲ್ಲ. ಮೈದುನ ಸಮ್ಮೇದ, ಅವನ ಹೆಂಡತಿ ಮಯೂರಿ ಅದೇ ಅಂಗಳದ ಆಚೆ ಮಗ್ಗುಲಲ್ಲಿ ಇರುತ್ತಾರೆ. ಅಂಗಳ ಒಂದು, ಒಲೆ ಎರಡು. ಕಾಶಿಬಾಯಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಆದರೆ ಅವಳು ಕುಟ್ಟಿದ ಶೇಂಗಾ ಚಟ್ನಿಗೆ, ಅಗಸಿ ಚಟ್ನಿಗೆ ಬಳ್ಳೊಳ್ಳಿ ತಿನ್ನುವವರೂ ಡಬ್ಬಿ ಹಿಡಿದುಕೊಂಡು ಬರುತ್ತಾರೆ. ಈ ಸೀಮೆಯಲ್ಲಿ ಚಟ್ನಿ ಎಂದರೆ ಒಣ ಪುಡಿ. ಹಣ್ಣು ಮೆಣಸಿನಕಾಯಿ ಕುಟ್ಟಿ, ಲಿಂಬೆರಸ ಹಿಂಡಿ, ಎಣ್ಣೆ ಬಿಟ್ಟು ಮಾಡುವ ರಂಜಕವೂ ಕೆಂಪು ಚಟ್ನಿಯೇ. ಯಾವುದು ಒಣದು, ಯಾವುದು ಹಸಿಯದು ಎಂದು ಊರಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಬಿಡಿಸಿ ಹೇಳಬೇಕಾಗಿ ಬಂದದ್ದು ವಿಮಾನ ನಿಲ್ದಾಣದಲ್ಲಿ.

ಅದು ಎರಡು ವರ್ಷದ ಹಿಂದಿನ ಮಾತು. ದ್ರಾಕ್ಷಿ ಬೆಳೆಗಾರರೆಲ್ಲ ಹೆಂಡಂದಿರನ್ನು ಕರೆದುಕೊಂಡು ಸಿಂಗಾಪುರಕ್ಕೆ ಹೊರಟಿದ್ದರು. ಅಲ್ಲಿನ ಊಟ ತನಗೆ ಆಗುವುದಿಲ್ಲವೆಂದು ಕಾಶಿಬಾಯಿ ಕೈಚೀಲದಲ್ಲಿ ಖಡಕ್ ರೊಟ್ಟಿ, ದೊಡ್ಡ ಡಬ್ಬಿ ತುಂಬ ಶೇಂಗಾ ಚಟ್ನಿ ಇಟ್ಟುಕೊಂಡಿದ್ದಳು. ತಪಾಸಣೆಯ ಹುಡುಗ ಡಬ್ಬಿ ಎತ್ತಿ ಹಿಂದಿಯಲ್ಲಿ ಏನಿದು ಎಂದು ಕೇಳಿದ. “ಚಟ್ನಿ” ಎಂದಳು. ಅವನು ಯಾವ ಸೀಮೆಯವನೋ, ಅವನ ಚಟ್ನಿ ದೋಸೆಯ ಮಗ್ಗುಲಲ್ಲಿ ಹರಿಯುವ ಚಟ್ನಿ. ಒಯ್ಯುವಂತಿಲ್ಲ ಎಂದ. ಕಾಶಿಬಾಯಿಗೆ ಮರಾಠಿ ಬರುತ್ತದೆ, ಹಿಂದಿ ಬಾಯಿಗೆ ಬರಲಿಲ್ಲ. ಬೆನ್ನ ಹಿಂದೆಯೇ ನಿಂತಿದ್ದ ಮಯೂರಿಯ ಕಡೆ ತಿರುಗಿದಳು.

“ಮಯೂರಿ, ಒಣಾದ್ದು ಐತಿ ಅಂತ ಹೇಳ ಅವಗ.”

ಹಿಂದಿಯಲ್ಲಿ ‘ಸೂಖಾ’ ಎಂಬ ಒಂದು ಶಬ್ದ ಸಾಕಿತ್ತು. ಮಯೂರಿ ಅದನ್ನು ಆಡಲಿಲ್ಲ. “ಬಿಡ್ರಿ ಅಕ್ಕಾ, ಹಳ್ಳಿಯಿಂದ ಹೊಲಾನ ಹೊತಗೊಂಡ ಬಂದಂಗ ಮಾಡತೀರಿ, ಮಂದಿ ನೋಡಾಕತ್ತಾರ” ಎಂದು ನಕ್ಕಳು. ಸಾಲಿನಲ್ಲಿದ್ದವರೂ ನಕ್ಕರು. ಕಾಶಿಬಾಯಿ ತನ್ನ ಕೈಯಾರೆ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದಳು. ಅದೇ ಒರಳಿನ, ಅದೇ ದಿನದ ಚಟ್ನಿ ಮಯೂರಿಯ ಚೀಲದಲ್ಲೂ ಇತ್ತು. ಅದನ್ನು ಅವಳು “ಮಸಾಲಾ ಪೌಡರ್” ಎಂದು ಹೇಳಿ ಪಾರು ಮಾಡಿಸಿಕೊಂಡಳು.

ಸಿಂಗಾಪುರದಲ್ಲಿ ಕಾಶಿಬಾಯಿ ಬಾಳೆಹಣ್ಣಿನ ಜೊತೆ ಒಣ ರೊಟ್ಟಿ ಕಡಿದಳು. ಮಗ್ಗುಲ ಮೇಜಿನಲ್ಲಿ ಮಯೂರಿ ಎಲ್ಲರ ತಾಟಿಗೂ ಚಟ್ನಿ ಬಡಿಸುತ್ತ, “ನಂದೇ ಕೈದ್ರಿ, ಹಾಕ್ಕೊರಿ” ಎನ್ನುತ್ತಿದ್ದಳು. ಆ ತುತ್ತು ಕಾಶಿಬಾಯಿಯ ಗಂಟಲಲ್ಲಿ ಅಲ್ಲಿಯೇ ಉಳಿಯಿತು. ಊರಿಗೆ ಬಂದ ಮೇಲೂ ಇಳಿಯಲಿಲ್ಲ. ಜಗಳ ತೆಗೆಯಲಿಲ್ಲ, ಗಂಡನ ಮುಂದೆ ಅಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ: ಅದೇ ಸಾಲಿನಲ್ಲಿ, ಅದೇ ಮಂದಿಯ ಮುಂದೆ, ಮಯೂರಿ ತನ್ನ ಕೈಯಾರೆ ಡಬ್ಬಿ ಚೆಲ್ಲಬೇಕು.

ಈ ವರ್ಷ ಬೆಳೆಗಾರರ ಪ್ರವಾಸ ವಿಯೆಟ್ನಾಂಗೆ ಎಂದು ಗೊತ್ತಾದ ಕೂಡಲೇ ಅವಳು ಚಿಕ್ಕೋಡಿಗೆ ಬಂದು ಅಂಗಡಿಯ ಕುರ್ಚಿ ಎಳೆದು ಕೂತಳು.

“ತಮ್ಮಾ, ಕೈಯಾಗಿನ ಚೀಲದಾಗ ಏನೇನ ಬಿಡತಾರ, ಏನೇನ ಬಿಡಾಂಗಿಲ್ಲ, ಎಲ್ಲಾ ಹೇಳ. ಪೈಲಟ್‌ನ ಕಾಲಿಂದ ಬ್ಯಾಡ.”

ಆ ಸುದ್ದಿ ಕಬ್ಬೂರಿಗೂ ಮುಟ್ಟಿತ್ತೆಂದು ಬಡಪಾಯಿಗೆ ಅಂದು ತಿಳಿಯಿತು. ಕಿವಿ ಬಿಸಿ ಮಾಡಿಕೊಂಡೇ ಹೇಳಿದ: “ತೂಕ ಏಳ ಕಿಲೋರಿ ಕಾಕೂ, ಕೆಲವ ಕಂಪನಿಯಾಗ ಹೆಚ್ಚುಕಮ್ಮಿ. ಚೂರಿ, ಕತ್ರಿ ಬ್ಯಾಡ್ರಿ. ಬರೇ ಖಾರಪುಡಿ, ಒಣ ಕೊಬ್ಬರಿನೂ ಬ್ಯಾಡ್ರಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಾಗ ಇರಬೇಕ್ರಿ, ದೊಡ್ಡ ಬ್ಯಾಗಿನಾಗ ಹಾಕಬಾರದು. ನೀರಿನಂಥಾದ್ದು ಏನಿದ್ರೂ ನೂರ ಎಮ್ಮೆಲ್ಲಿನ ಬಾಟ್ಲಿ ದಾಟಬಾರದ್ರಿ.”

“ಒಣ ಚಟ್ನಿ?”

“ನಡೀತೈತ್ರಿ. ಚಟ್ನಿ ಅನಬ್ಯಾಡ್ರಿ, ಶೇಂಗಾ ಪೌಡರ್ ಅನ್ರಿ. ತಗದ ತೋರಸ ಅಂದ್ರ ತೋರಸ್ರಿ.”

“ರಂಜಕ?”

“ಅದು ಲಿಕ್ವಿಡ್ ಲೆಕ್ಕದಾಗ ಹೋಗತೈತ್ರಿ. ತುಪ್ಪ, ಉಪ್ಪಿನಕಾಯಿ, ಜೇನ, ಎಲ್ಲಾ ಅದ ಲೆಕ್ಕ. ಗಟ್ಟಿ ಇದ್ರೂ ಅಷ್ಟ. ಪ್ಯಾಕ್ ಮಾಡಿ ದೊಡ್ಡ ಬ್ಯಾಗಿನಾಗ ಹಾಕ್ರಿ.”

“ಮತ್ತ ಹಿಂದಿಯಾಗ ಹಸೀದಕ್ಕ ಏನಂತಾರ?”

“ಗೀಲಾ ಅಂತಾರ್ರಿ.”

“ಗೀಲಾ” ಎಂದು ಕಾಶಿಬಾಯಿ ಎರಡು ಸಲ ಬಾಯಲ್ಲಿ ಹೊರಳಿಸಿದಳು. ಎದ್ದು ಹೋಗುವಾಗ ಮುಖದಲ್ಲಿ ಬಸದಿಗೆ ಹೊರಟವಳ ಶಾಂತಿ ಇತ್ತು.

ಬಲೆ ಬೀಸುವ ಕೆಲಸವನ್ನು ಮಯೂರಿಯೇ ಹಗುರ ಮಾಡಿದಳು. ಹೊರಡುವ ಹಿಂದಿನ ದಿನ ಅಂಗಳ ದಾಟಿ ಬಂದು, “ಅಕ್ಕಾ, ಈ ಸಲ ಎಲ್ಲಾರೂ ನನಗ ಕೆಂಪ ಚಟ್ನಿ ತಗೊಂಡ ಬಾ ಅಂತ ಗಂಟಬಿದ್ದಾರ್ರಿ. ನಿಮ್ಮ ಕೈದ ಒಂದೀಟ ಕುಟ್ಟಿಕೊಡ್ರಿ” ಎಂದಳು.

“ಒಂದೀಟ್ಯಾಕ? ಗಾಜಿನ ಬರಣಿ ತುಂಬ ಕೊಡತೀನಿ. ಮಂದಿ ಬಾಳ ಅದಾರ.”

ಕಾಶಿಬಾಯಿ ಅಂದೇ ರಂಜಕಕ್ಕೆ ಹಣ್ಣು ಮೆಣಸಿನಕಾಯಿ ಕುಟ್ಟಿದಳು. ಕಣ್ಣುರಿ, ಕೈಯುರಿ ಯಾವುದೂ ಗೊತ್ತಾಗಲಿಲ್ಲ. ಇಷ್ಟು ಮನಸ್ಸಿಟ್ಟು ಅವಳು ಯಾವ ಮದುವೆಗೂ ಕುಟ್ಟಿರಲಿಲ್ಲ.

ಬರಣಿ ಹಿಡಿದುಕೊಂಡು ಹೋದಾಗ ಸಮ್ಮೇದ ಬ್ಯಾಗುಗಳ ನಡುವೆ ಕೂತಿದ್ದ. “ಇದನ್ನ ದೊಡ್ಡ ಬ್ಯಾಗಿನಾಗ ಹಾಕೂಣ್ರಿ ವೈನಿ” ಎಂದು ಅತ್ತಿಗೆಯತ್ತ ಕೈ ಚಾಚಿದ. ಬರಣಿ ಅಲ್ಲಿ ಹೋದರೆ ಎರಡು ವರ್ಷದ ಉಪವಾಸ ನೀರಿನಲ್ಲಿ ಹೋದ ಹಾಗೆ.

“ಹಾಕಪಾ, ಅದಕ್ಕೇನ. ಎಣ್ಣಿ ಸೋರಿದ್ರ ಮಯೂರಿ ಪೈಠಣಿ ಸೀರಿಗಿ ಕಲಿ ಬೀಳತಾವ, ಅಷ್ಟ.”

“ಅಯ್ಯ, ಬ್ಯಾಡ ಬ್ಯಾಡ!” ಮಯೂರಿ ಬರಣಿ ಕಸಿದುಕೊಂಡು ಕೈಚೀಲಕ್ಕೆ ಇಳಿಸಿದಳು. “ಹ್ವಾದ ಸಲ ಚಟ್ನಿ ಕೈಯಾಗ ಒಯ್ದಿಲ್ಲೇನ? ಪೌಡರ್ ಅಂದ್ರ ಬಿಡತಾರ.”

ಕಾಶಿಬಾಯಿ ಅವಳ ಕೈಚೀಲಕ್ಕೆ ತಾನೇ ಜಿಪ್ ಎಳೆದುಕೊಟ್ಟಳು.

ಮರುದಿನ ವಿಮಾನ ನಿಲ್ದಾಣದಲ್ಲಿ ದೊಡ್ಡ ಬ್ಯಾಗುಗಳು ಪಟ್ಟಿಯ ಮೇಲೆ ಕೂತು ಒಳಗೆ ಹೋದವು. ಇನ್ನು ಏನೂ ಅದಲುಬದಲು ಮಾಡುವಂತಿರಲಿಲ್ಲ. ತಪಾಸಣೆಯ ಸಾಲಿನಲ್ಲಿ ಕಾಶಿಬಾಯಿ ಮೊದಲು ನಿಂತಳು. ಡಬ್ಬಿ ತೆಗೆಸಿದರು. “ಶೇಂಗಾ ಪೌಡರ್. ಸೂಖಾ” ಎಂದಳು. ಮುಚ್ಚಳ ತೆರೆದು ಮೂಸಿ ಬಿಟ್ಟರು. ಅವಳು ಮುಂದೆ ಹೋಗಲಿಲ್ಲ. ಡಬ್ಬಿ ಬಗಲಲ್ಲಿ ಇಟ್ಟುಕೊಂಡು ಅಲ್ಲಿಯೇ ಮಗ್ಗುಲಿಗೆ ನಿಂತಳು.

ಮಯೂರಿಯ ಚೀಲವನ್ನು ಬೇರೆ ಸರಿಸಿದರು. ಬರಣಿ ಹೊರಗೆ ಬಂತು.

“ಮಸಾಲಾ ಪೌಡರ್ ಹೈ” ಎಂದಳು ಮಯೂರಿ, ಕೂದಲು ಹಿಂದಕ್ಕೆ ತಳ್ಳುತ್ತ.

ತಪಾಸಣೆಯವನು ಬರಣಿಯನ್ನು ಓರೆ ಮಾಡಿದ. ಕೆಂಪು ಎಣ್ಣೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನ ಹರಿಯಿತು. ಮಯೂರಿ ಮತ್ತೆ ಏನೋ ಸಮಜಾಯಿಷಿ ಶುರು ಮಾಡಿದಳು. ಗಟ್ಟಿ ಇದೆ, ಮನೆಯದು, ಹೋದ ಸಲ ಬಿಟ್ಟಿದ್ದಿರಿ. ಅವನು ಒಂದು ಗಳಿಗೆ ಅನುಮಾನಿಸಿದ.

“ಗೀಲಾ ಹೈ, ಸಾಹೇಬ” ಎಂದಳು ಕಾಶಿಬಾಯಿ. ಬಸ್ ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗುವವರಷ್ಟು ದೊಡ್ಡ ದನಿಯಲ್ಲಿ. “ಪೂರಾ ಗೀಲಾ.”

ಅವನು ಬುಟ್ಟಿ ತೋರಿಸಿದ. ಬೆಳೆಗಾರರ ಇಡೀ ತಂಡ ನೋಡುತ್ತಿತ್ತು. ಯಾರೋ ಹಿಂದಿನಿಂದ, “ನಿಮ್ಮ ಕೈದ ಚಟ್ನಿ ಹ್ವಾತಲ್ಲರಿ ವೈನಿ!” ಎಂದು ನಕ್ಕರು. ಮಯೂರಿ ಮುಖ ಬರಣಿಗಿಂತ ಕೆಂಪಗೆ ಮಾಡಿಕೊಂಡು, ತನ್ನ ಎರಡೂ ಕೈಯಲ್ಲಿ ಬರಣಿ ಎತ್ತಿ ಬುಟ್ಟಿಗೆ ಬಿಟ್ಟಳು. ಧಪ್ಪೆಂದಿತು. ತಾನು ಕುಟ್ಟಿದ್ದೇ ಹೋಯಿತೆಂಬ ಸಂಕಟ ಕಾಶಿಬಾಯಿಗೆ ಸಾಸಿವೆಕಾಳಿನಷ್ಟೂ ಆಗಲಿಲ್ಲ. ಎರಡು ವರ್ಷದ ಮೇಲೆ ಗಂಟಲಲ್ಲಿ ಉಗುಳು ಸರಾಗ ಇಳಿಯಿತು.

ಆಚೆಯ ಕುರ್ಚಿಗಳಲ್ಲಿ ಎಲ್ಲರೂ ಕೂತರು. ಮಯೂರಿ ಮೊಬೈಲಿನಲ್ಲಿ ಮುಖ ಹುದುಗಿಸಿದ್ದಳು. ರಾವಸಾಹೇಬ ಕಿಟಕಿಯಾಚೆ ನೋಡುತ್ತ, ಈ ಬಿಸಿಲಿಗೆ ದ್ರಾಕ್ಷಿ ಏನಾಗುತ್ತದೋ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸಮ್ಮೇದನೊಬ್ಬನಿಗೆ ಮನಸ್ಸು ತಡೆಯಲಿಲ್ಲ. ಅತ್ತಿಗೆಯ ಮುಂದೆ ಬಂದು, ಹೆಂಡತಿಗೂ ಕೇಳಲೆಂಬಂತೆ, ಒಳ್ಳೆಯ ಮಾತಿನಲ್ಲಿಯೇ ಎಲ್ಲ ಮುಗಿಯಲೆಂಬಂತೆ ಕೇಳಿದ:

“ವೈನಿ, ರಂಜಕ ಬಿಡಾಂಗಿಲ್ಲ ಅಂತ ನಿಮಗರ ಹ್ಯಾಂಗ ಗೊತ್ತಿರತೈತಿ, ಪಾಪ… ಗೊತ್ತಿರಲಿಲ್ಲ, ಹೌದಿಲ್ರಿ?”

ಕಾಶಿಬಾಯಿ ಡಬ್ಬಿಯ ಮುಚ್ಚಳ ತೆಗೆದು, ರೊಟ್ಟಿ ಮುರಿದು, ಚಟ್ನಿ ಹಚ್ಚಿಕೊಂಡಳು.

“ಗೊತ್ತಿತ್ತ, ಸಮ್ಮೇದಾ. ಗೊತ್ತಿದ್ದ ಕೊಟ್ಟೀನಿ.”