ಕರಡಿಗೆಯೊಳಗಿನ ಕಲ್ಲು

ಜಂಬಣ್ಣ ನಮ್ಮಕ್ಕ ಕಸ್ತೂರೆಮ್ಮನ ಗಂಡ, ನನಗೆ ಮಾವ. ಸಾಲಗುಂದದಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಅವನು ಲಿಂಗಪೂಜೆಗೆ ಕೂತ ಹೊತ್ತಿಗೆ ಇತ್ತ ನಾನು ಯಾರನ್ನೋ ಬೈಯುತ್ತಿರುತ್ತೇನೆ. ಓಣಿಯವರಿಗೆ ಇದೊಂದು ನಗೆಯ ಮಾತು.

ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ನಮ್ಮ ಗುರುಗಳಾದ ಮಸ್ಕಿಯ ಅಯ್ಯನವರ ಮುಂದೆ, ಇನ್ನು ಸಿಟ್ಟು ಮಾಡುವುದಿಲ್ಲ ಎಂದು ಮಾವ ಮಾತು ಕೊಟ್ಟ. ನಡೆಸಿದ, ಅದು ಸುಳ್ಳಲ್ಲ. ಆದರೆ ನಡೆಸಿದ್ದನ್ನು ದಿನಾ ಹೇಳುತ್ತಿದ್ದ. ಸಿಂಧನೂರಿನ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳುತ್ತಿದ್ದ. ನನ್ನನ್ನು ಕಂಡರಂತೂ, "ಬಸವಲಿಂಗ, ಸಿಟ್ಟು ಅಂದ್ರ ಏನು ಅನ್ನೋದ ಮರ್ತೈತಿ ನನಗ" ಎನ್ನುತ್ತಿದ್ದ. ಅದನ್ನು ಕೇಳಿಯೇ ನನಗೆ ಸಿಟ್ಟು ಬರುತ್ತಿತ್ತು.

ಹೋದ ವರ್ಷ ಭತ್ತಕ್ಕೆ ನೀರು ಬಿಡುವಾಗ ಕಾಲುವೆಯ ತೂಬಿನ ಹತ್ತಿರ ಪಕ್ಕದ ಹೊಲದ ಗೌಸ್‌ಸಾಬ್ ಜೊತೆ ಸರದಿಯ ಮಾತು ಬಂತು. ಗೌಸ್‌ಸಾಬ್ ನಕ್ಕು, "ಜಂಬಣ್ಣ, ನಿನಗ ಹೆಂಗೂ ಸಿಟ್ಟು ಬರಂಗಿಲ್ಲ. ನೀ ನಾಳಿ ತಗೋ ನೀರು" ಎಂದ. ಮಾವ ಅವನ ಅಂಗಿ ಹಿಡಿದ. ಎಳೆದಾಟದಲ್ಲಿ ಮಾವನ ಕೊರಳಿನ ಶಿವದಾರ ಹರಿಯಿತು. ಲಿಂಗವಿಡುವ ಬೆಳ್ಳಿಯ ಕರಡಿಗೆ ಕಲ್ಲಿಗೆ ಬಡಿದು ಬಾಯಿ ತೆರೆಯಿತು. ಲಿಂಗ ಹರಿಯುವ ನೀರಿಗೆ ಬಿತ್ತು. ಗೌಸ್‌ಸಾಬ್ ಅದನ್ನು ನೋಡದೆ ಬೈಯುತ್ತ ಹೋಗಿಬಿಟ್ಟ. ಮಾವ ಸೊಂಟಮಟದ ನೀರಿನಲ್ಲಿ ಸಂಜೆವರೆಗೂ ಹುಡುಕಿದ. ಸಿಗಲಿಲ್ಲ.

ಲಿಂಗ ಮೈ ಬಿಟ್ಟರೆ ಜೀವ ಬಿಟ್ಟಂತೆ ಎಂದು ನಮ್ಮ ಹಿರಿಯರು ಅಂಜಿಸಿ ಬೆಳೆಸಿದ್ದಾರೆ. ಹೋದರೆ ಅಯ್ಯನವರಿಗೆ ಹೇಳಿ ಬೇರೆ ಪಡೆಯಬೇಕು. ಹೇಳಿದರೆ ಹೇಗೆ ಹೋಯಿತು ಎನ್ನುತ್ತಾರೆ, ಸಿಟ್ಟಿನ ಸುದ್ದಿ ಹೊರಬೀಳುತ್ತದೆ. ಮಾವ ದಂಡೆಯಲ್ಲೇ ಒಂದು ನುಣ್ಣನೆಯ ಕರಿಕಲ್ಲು ಆರಿಸಿ ಕರಡಿಗೆಯಲ್ಲಿಟ್ಟು, ದಾರಕ್ಕೆ ಗಂಟು ಹಾಕಿಕೊಂಡು ಮನೆಗೆ ಬಂದ.

ಮೂರು ದಿನಕ್ಕೆ ಮಗಳು ಭಾಗ್ಯಶ್ರೀ ಹೆತ್ತಳು. ಲಿಂಗಸುಗೂರಿನಿಂದ ಬಾಣಂತನಕ್ಕೆ ಬಂದಿದ್ದಳು. ಹೆಣ್ಣುಕೂಸು. ಮಾವ ಮೊಮ್ಮಗಳನ್ನು ಎತ್ತಿಕೊಳ್ಳಲೇ ಇಲ್ಲ. ಅದು ಬಿಕ್ಕಿದರೆ ಬೆಚ್ಚುತ್ತಿದ್ದ, ಹಾಲು ಕಕ್ಕಿದರೆ ಎದ್ದು ಹೊರಗೆ ಹೋಗುತ್ತಿದ್ದ. ಪೂಜೆಗೆ ಗೋಡೆಗೆ ಮುಖ ಮಾಡಿ ಕೂರತೊಡಗಿದ. ಎಂಟನೆಯ ದಿನ ಕೂಸಿಗೆ ಜ್ವರ ಬಂತು. ಅವತ್ತು ನನ್ನನ್ನು ಬಣವೆಯ ಹಿಂದೆ ಕರೆದು ಎಲ್ಲ ಹೇಳಿದ.

"ನನಗ್ಯಾಕ ಹೇಳಾಕತ್ತೀರಿ?" ಎಂದೆ.

"ನೀ ದಿನಾ ಸಿಟ್ಟು ಮಾಡಾಂವ, ನಿನಗ ನಾಚಿಕಿ ಇಲ್ಲ. ಬ್ಯಾರೆಯವ್ರ ಮುಂದ ಬಾಯಿ ಬರವಲ್ದು."

"ಅಕ್ಕಗ ಹೇಳ್ರಿ."

"ಕೊಲ್ತಾಳ ಅಕಿ." ಅವನು ಕರಡಿಗೆ ತೆರೆದು ತೋರಿಸಿದ. "ಸೋಮವಾರ ಕೂಸಿಗೆ ಲಿಂಗಾ ಕಟ್ಟೋದೈತಿ. ಮನಿ ಹಿರ್ಯಾ ತನ್ನ ಲಿಂಗಕ್ಕ ಮುಟ್ಟಿಸಿ ಕಟ್ಟಬೇಕು. ಈ ಕಲ್ಲು ಮುಟ್ಟಿಸ್ಲೇನು? ಆಗ್ಲೇ ಜ್ವರಾ ಬಂದೈತಿ. ಮುಟ್ಟಿಸಿದ್ರ ಕೂಸು ಉಳಿತೈತೇನ್ಲೇ?"

ಬೈಯಲು ಬಾಯಿ ತೆರೆದವನು, ಬೈಯದೆ ಕೂಸಿನ ಜ್ವರ ನೋಡಲು ಅವನ ಮನೆಗೆ ಓಡಿದೆ.

ಸೋಮವಾರ ಅಯ್ಯನವರು ಬಂದರು. ಕೂಸಿನ ಜ್ವರ ಇಳಿದಿತ್ತು, ಪೂರ್ತಿ ಬಿಟ್ಟಿರಲಿಲ್ಲ. ಭಾಗ್ಯಶ್ರೀ ಅದನ್ನು ಅಪ್ಪನ ತೊಡೆಯ ಮೇಲೆ ಮಲಗಿಸಿದಳು.

"ಜಂಬಣ್ಣ, ನಿನ್ನ ಲಿಂಗಾ ತಗಿ" ಎಂದರು ಅಯ್ಯನವರು.

ಮಾವನ ಬೆರಳು ಕರಡಿಗೆಯ ಮುಚ್ಚಳ ಹಿಡಿದು ನಿಂತವು. ಕೂಸು ಅಳತೊಡಗಿತು.

"ತಗಿಯಪ್ಪಾ, ಅದಕ್ಕ ಹಸಿವ್ಯಾಗೈತಿ" ಎಂದಳು ಭಾಗ್ಯಶ್ರೀ.

ಮಾವ ಮುಚ್ಚಳ ತೆರೆದು ಕಲ್ಲನ್ನು ನೆಲದ ಮೇಲಿಟ್ಟ. "ಇದು ಕಾಲಿವಿ ಕಲ್ಲು ರೀ. ಲಿಂಗಾ ನೀರಾಗ ಹೋಗೇತಿ. ಸಿಟ್ಟು ಮಾಡಿದ್ನಿ. ಆಮ್ಯಾಲ ಸುಳ್ಳು ಮಾಡಿದ್ನಿ."

ಅಕ್ಕ ಆ ಕಲ್ಲನ್ನು ಕೈಗೆತ್ತಿಕೊಂಡು ನೋಡಿದಳು. ದನಿ ಏರಿಸಲಿಲ್ಲ. "ಇಷ್ಟು ದಿನಾ ಇದನ್ನ ತೊಳದ ನೀರು ತೀರ್ಥ ಅಂತ ನನಗ ಕೊಟ್ರಿ. ಬಾಣಂತಿಗೂ ಕೊಟ್ರಿ."

ಭಾಗ್ಯಶ್ರೀ ಬಂದು ಕೂಸನ್ನು ಅವನ ತೊಡೆಯಿಂದ ಎತ್ತಿಕೊಂಡಳು. ಮಾವನ ಕೈ ಖಾಲಿಯಾಗಿ ಹಾಗೇ ಉಳಿದವು. ಅಷ್ಟು ಅಂಜಿದ ಮುಖವನ್ನು ನಾನು ನೋಡಿಲ್ಲ.

ಅಯ್ಯನವರು ಅಕ್ಕನ ಕಡೆ ತಿರುಗಿದರು. "ಕಸ್ತೂರೆಮ್ಮ, ನಿನ್ನ ಲಿಂಗಕ್ಕ ಮುಟ್ಟಿಸಿ ನೀ ಕಟ್ಟವಾ ಕೂಸಿಗೆ. ಜಂಬಣ್ಣ, ನೀ ಮೈ ತೊಳಕೊಂಡು ಬಂದು ಕೂಸಿನ ಹಿಂದ ಕೂಡು, ನಿನಗೂ ಇವತ್ತ ಕಟ್ತೀನಿ. ಈ ಸಲ ಮಾತು ಗೀತು ಕೊಡಬ್ಯಾಡ. ಸಿಟ್ಟು ಬಂದ್ರ ಬಂದು ಹೇಳು, ಅಷ್ಟ ಸಾಕು."

ಹುಟ್ಟಿ ಹದಿಮೂರು ದಿನದ ಮೊಮ್ಮಗಳ ಹಿಂದೆ, ಒದ್ದೆ ತಲೆಯಲ್ಲಿ ಕೂತು ಮಾವ ಲಿಂಗ ಪಡೆದ. ಅವನ ಅಂಗೈಯನ್ನು ಅಯ್ಯನವರು ಕೆಳಗಿನಿಂದ ಕೈ ಕೊಟ್ಟು ಹಿಡಿದುಕೊಂಡಿದ್ದರು.

ತಿಂಗಳೊಳಗೆ ಒಂದು ಮುಂಜಾನೆ ಮಾವ ನಮ್ಮ ಬಾಗಿಲಿಗೆ ಬಂದ.

"ಮಸ್ಕಿಗೆ ಹೊಂಟೀನಿ, ಹೇಳಾಕ."

"ಯಾರ ಮ್ಯಾಲ ಬಂತ್ರೀ ಸಿಟ್ಟು?"

"ನಿನ್ನ ಮ್ಯಾಲ. ಒಬ್ಬಾಂವನ ಹೋಗಾಕ ಅಂಜಿಕಿ ಬರಾಕತ್ತೈತಿ, ನೀನೂ ನಡಿ."

ನಾನು ಅಂಗಿ ಹಾಕಿಕೊಂಡೆ.