ಆಪಾ ಕೇಳುತ್ತಿದ್ದ ಪ್ರಶ್ನೆ

ಮೊನ್ನೆ ಶಿಕಾರಿಪುರದಲ್ಲಿ ಹೊಲಿಗೆ ಮಷಿನ್ ರಿಪೇರಿ ಅಂಗಡಿಯ ಮುಂದೆ ಹೋಗುವಾಗ ಮಷಿನ್ ಎಣ್ಣೆಯ ವಾಸನೆ ಬಂತು. ಕಾಲು ತಾನಾಗಿ ನಿಂತಿತು. ಸೊರಬದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೈಲರ್ ಆಪಾ ನೆನಪಾದರು...

ಇಡೀ ಓಣಿಗೆ ಅವರು ಆಪಾ, ಅಂದರೆ ಅಕ್ಕ. ಯಾರ ಮನೆಯಲ್ಲಿ ಮದುವೆಯಾದರೂ ರವಿಕೆಗಳು ಅವರ ಕೈಯಲ್ಲೇ ಆಗಬೇಕು. ಒಂದು ವರ್ಷ ಮಷಿನ್ ತುಳಿಯುವಾಗಲೆಲ್ಲ ಅವರಿಗೆ ಎದೆ ಹಿಂಡಿದಂತಾಗತೊಡಗಿತು. ನಿಲ್ಲಿಸಿದರೆ ಕಡಿಮೆ, ತುಳಿದರೆ ಮತ್ತೆ ಶುರು. ಮನೆಯವರು ಗ್ಯಾಸ್ ಎಂದರು. ಹೆಂಗಸರಿಗೆ ಎಲ್ಲಿಯ ಹಾರ್ಟ್ ಕಾಯಿಲೆ ಎಂದು ಓಣಿಯವರೂ ದನಿಗೂಡಿಸಿದರು. ಆಪಾ ಒಬ್ಬರೇ ಬಸ್ ಹತ್ತಿ ಮಗಳಿದ್ದ ಶಿಕಾರಿಪುರಕ್ಕೆ ಹೋದರು. ಅಲ್ಲಿನ ಡಾಕ್ಟರು ಇಸಿಜಿ ನೋಡಿ ಅಂದೇ ಶಿವಮೊಗ್ಗಕ್ಕೆ ಕಳಿಸಿದರು. ಹೃದಯಕ್ಕೆ ರಕ್ತ ಒಯ್ಯುವ ನಾಳವೊಂದು ಬಹುತೇಕ ಮುಚ್ಚಿಹೋಗಿತ್ತು.

ಮಣಿಕಟ್ಟಿನಿಂದ ತೆಳುವಾದ ತಂತಿ ಹಾಯಿಸಿ ನಾಳ ತೆರೆದಿಡುವ ಸ್ಟೆಂಟ್ ಕೂರಿಸುತ್ತೇವೆ ಎಂದು ಅಲ್ಲಿನ ಡಾಕ್ಟರು ಹೇಳಿದಾಗ ಆಪಾಗೆ ಕೈಯದೇ ಚಿಂತೆಯಾಯಿತಂತೆ.

"ಕತ್ತರಿ ಹಿಡಿಯೋ ಕೈ ರೀ ಇದು. ಹಾಳಾಗ್ಬಾರ್ದು."

"ಸ್ವಲ್ಪ ದಿನ ಸುಮ್ನಿರಿ, ಆಮೇಲೆ ಧಾರಾಳವಾಗಿ ಹೊಲೀರಿ" ಎಂದರಂತೆ ಡಾಕ್ಟರು.

ಎಚ್ಚರವಾಗಿಯೇ ಮಲಗಿ, ಕಟ್ಟಿದ್ದ ನಾಳದಲ್ಲಿ ರಕ್ತ ಮತ್ತೆ ಹರಿಯುವುದನ್ನು ಪರದೆಯ ಮೇಲೆ ನೋಡಿದ್ದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು...

ಊರಿಗೆ ಮರಳಿದ ಮೇಲೆ ಆಪಾ ಅಳತೆ ಟೇಪು ಸುತ್ತುತ್ತಲೇ ಪ್ರತಿ ಹೆಂಗಸನ್ನೂ ಕೇಳುತ್ತಿದ್ದರು: "ಮೆಟ್ಲು ಹತ್ತಿದ್ರೆ ಎದೆ ಬಿಗೀತದಾ?" ಕೆಲವರು ನಕ್ಕರು. ಒಬ್ಬಿಬ್ಬರು ಬೇಸರಪಟ್ಟು ಬೇರೆ ಟೈಲರ್ ಹುಡುಕಿಕೊಂಡರು. ಆಪಾ ಕೇಳುವುದನ್ನು ಬಿಡಲಿಲ್ಲ.

ಒಂದು ದಿನ ನನ್ನ ಅಮ್ಮನ ಸರದಿ. ನನಗೆ ಎಂದೂ ಹೇಳದ ಮಾತು ಅಮ್ಮನ ಬಾಯಿಂದ ಹೊರಬಂತು. "ಕೊಡ ಎತ್ತಿದ್ರೆ ಎಡಗೈವರೆಗೂ ನೋವು ಬರ್ತದೆ ಆಪಾ."

ಆಪಾ ಟೇಪು ಕೆಳಗಿಟ್ಟರು. "ರವಿಕೆ ಆಮೇಲೆ ಹೊಲೀತೀನಿ ಅಕ್ಕಾ. ಮೊದ್ಲು ನಡೀರಿ ನನ್ ಜೊತೆ."

ಅಮ್ಮ ನಾಳೆ ಎಂದಳು, ನಾಡಿದ್ದು ಎಂದಳು. ಆಪಾ ಅಷ್ಟರಲ್ಲಿ ಚಪ್ಪಲಿ ಮೆಟ್ಟಿಯಾಗಿತ್ತು. ಶಿವಮೊಗ್ಗದಲ್ಲಿ ಅಮ್ಮನಿಗೂ ಸ್ಟೆಂಟ್ ಹಾಕಿದರು. ತಡ ಮಾಡಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದಾಗ ನಾನು ಆಪಾ ಕಡೆ ನೋಡಿದೆ. ಅವರು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿದ್ದರು, ತುಟಿ ಮಾತ್ರ ಅಲುಗುತ್ತಿತ್ತು...

ಹೋದ ಚಳಿಗಾಲದಲ್ಲಿ ಆಪಾ ತೀರಿಕೊಂಡರು. ವಯಸ್ಸಾಗಿತ್ತು, ಕೊನೆಯವರೆಗೂ ಹೊಲಿದರು. ಅವರ ಮನೆಗೆ ಈಗ ಹೊಸ ಬಾಡಿಗೆದಾರರು ಬಂದಿದ್ದಾರೆ. ಅಮ್ಮ ದಿನಾ ಬೆಳಿಗ್ಗೆ ನಡೆದು ಬರುವಾಗ ಆ ಬಾಗಿಲಲ್ಲಿ ನಿಲ್ಲುತ್ತಾಳೆ.

"ಈ ಮನೇಲಿ ಎಂಥೋರು ಇದ್ರು ಗೊತ್ತಾ ನಿಮ್ಗೆ?" ಎಂದು ಶುರು ಮಾಡುತ್ತಾಳೆ. ಜೊತೆಗಿದ್ದರೆ ನಾನೂ ನಿಂತು ಕೇಳುತ್ತೇನೆ.