ಗೋಡೆಯಾಚೆಯ ಸರೋಜಾ ಅಕ್ಕೋರು

ಸರೋಜಾ ಅಕ್ಕೋರು ಓದುತ್ತಾ ಓದುತ್ತಾ ತಟ್ಟನೆ ನಿಂತುಬಿಡುತ್ತಿದ್ದರು. ನಮ್ಮಿಬ್ಬರ ತರಗತಿಗಳ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಅದರಾಚೆ ಇಂಗ್ಲಿಷ್ ಸಾಲೊಂದು ಅರ್ಧಕ್ಕೆ ನಿಂತಿತೆಂದರೆ ಐವತ್ತು ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದಾರೆಂದೇ ಅರ್ಥ. ಗಡಿಯಾಚೆ ಮಹಾರಾಷ್ಟ್ರದ ನಮ್ಮ ಇಚಲಕರಂಜಿಯಲ್ಲಿ ಮಗ್ಗದ ಸದ್ದಿಲ್ಲದ ಓಣಿ ಹುಡುಕಿದರೂ ಸಿಗದು. ಅಂಥ ಊರಿನಲ್ಲಿ ಈ ಹೆಂಗಸು ಸುಮ್ಮನಿದ್ದು ಪಾಠ ಮಾಡುತ್ತಿದ್ದರು. ಈಚೆ ನಾನು ಗಂಟಲು ಹರಿದುಕೊಂಡು ಪ್ಲಾಟ್, ಕ್ಯಾರೆಕ್ಟರ್, ಸೆಟಿಂಗ್, ಥೀಮ್ ಎಂದು ಬಾಯಿಪಾಠ ಮಾಡಿಸುತ್ತಿದ್ದೆ. ನನ್ನ ಮಕ್ಕಳ ಕಿವಿಯೂ ಆ ಗೋಡೆಯ ಕಡೆಗೇ ಇರುತ್ತಿತ್ತು.

ನನಗೆ ಅವರ ಮೇಲೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಮರೆಮಾಚುವ ವಯಸ್ಸು ಈಗ ನನ್ನದಲ್ಲ. ನಾನು ಕೊಲ್ಹಾಪುರದಲ್ಲಿ ಎಂ.ಎ. ಮಾಡಿದವನು, ಅದೂ ಮೊದಲ ದರ್ಜೆಯಲ್ಲಿ. ಅವರು ದುಡಿಯುತ್ತಲೇ ಹೊರಗಿನಿಂದ ಪರೀಕ್ಷೆ ಕಟ್ಟಿ ಬಿ.ಎ. ಮುಗಿಸಿದವರು. ಅಪ್ಪ ಅಥಣಿ ಕಡೆಯಿಂದ ಬಂದ ಮಗ್ಗದ ಕೆಲಸಗಾರ. ಹುಡುಗಿಯಾಗಿದ್ದಾಗ ಅವರು ಒಂದು ಕಾರ್ಖಾನೆಯಲ್ಲಿ ಬಟ್ಟೆ ತಪಾಸಣೆಗೆ ಕೂರುತ್ತಿದ್ದರಂತೆ. ನೇಯ್ದ ಬಟ್ಟೆಯನ್ನು ಮೇಜಿನ ಮೇಲೆ ಎಳೆಯುತ್ತಾ, ನೂಲು ತಪ್ಪಿದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುವ ಕೆಲಸ ಅದು.

ಇಂಗ್ಲಿಷ್ ಓದುವುದನ್ನೂ ಅವರು ಹಾಗೆಯೇ ಕಲಿಸಿದರು. ಮಕ್ಕಳು ಪಾಠ ಓದುತ್ತಾ, ತಿಳಿಯದ ಕಡೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. "ತಿಳೀಲಿಲ್ಲಂದ್ರ ನಾಚಬ್ಯಾಡ್ರಿ, ಗುರುತ ಹಾಕ್ರಿ. ಎಲ್ಲೂ ನಿಲ್ಲದಾಂವ ಓದಿಲ್ಲ, ಬರೇ ದಾಟ್ಯಾನ" ಎನ್ನುತ್ತಿದ್ದರು. ನನ್ನ ತರಗತಿಯಲ್ಲಿ ತಿಳಿಯಲಿಲ್ಲ ಎಂದವನು ಬೆಂಚಿನ ಮೇಲೆ ನಿಲ್ಲಬೇಕಿತ್ತು.

ವ್ಯಾಖ್ಯೆಗಳೆಂದರೆ ಅವರಿಗೆ ಆಗದು. ಸೆಟಿಂಗ್ ಎಂದರೇನು ಎಂಬುದಕ್ಕೆ ನನ್ನ ನೋಟ್ಸಿನಲ್ಲಿ ಕೆಂಪು ಶಾಯಿಯ ನಾಲ್ಕು ಸಾಲುಗಳಿದ್ದವು. ಅವರು ಮುದುಕಿಯೊಬ್ಬಳ ಬಾಗಿಲಿಗೆ ಅಪರಿಚಿತನೊಬ್ಬ ಬಂದ ಕತೆಯ ಮೊದಲ ಸಾಲು ಓದಿ ನಿಂತು, "ಸಂಜೀಮುಂದ ಅಂತ ಬರದಾನಲ್ಲ, ಯಾಕ? ಮುಂಜಾನೆ ಆಗಿದ್ರ ಈ ಮುದುಕಿ ಇಷ್ಟ ಅಂಜತಿದ್ಲೇನು?" ಎಂದು ಕೇಳುತ್ತಿದ್ದರು. ಕಾಲು ಗಂಟೆ ಜಗಳ ನಡೆಯುತ್ತಿತ್ತು, ಕನ್ನಡದಲ್ಲಿ, ಮರಾಠಿಯಲ್ಲಿ, ಮುರುಕು ಇಂಗ್ಲಿಷಿನಲ್ಲಿ. ಬರೆದವರ ದನಿ ಹಿಡಿಯುವುದನ್ನು ಕಲಿಸಿದ್ದೂ ಹೀಗೆಯೇ. "ಅವ್ವ 'ಬಾ, ಊಟಾ ಮಾಡು' ಅಂತಾಳ. ಸಿಟ್ಟಿಲೆ ಅಂದ್ಲೋ ಪ್ರೀತಿಲೆ ಅಂದ್ಲೋ ನಿಮಗ ಒಳಗ ಕುಂತಲ್ಲೇ ತಿಳೀತೈತಿ, ಹೌದಿಲ್ಲೋ? ಕಾಗದದ ಮ್ಯಾಲಿಂದೂ ಹಂಗ ಕೇಳೂದ ಕಲೀರಿ." ಇಷ್ಟು ಸಣ್ಣ ಮಾತು ನನಗೇಕೆ ಹೊಳೆಯಲಿಲ್ಲ ಎಂದು ಆ ದಿನ ಮನೆಗೆ ಹೋಗಿ ಊಟ ಬಿಟ್ಟಿದ್ದೆ.

ಹತ್ತನೆಯ ತರಗತಿಗೆ ಪರೀಕ್ಷೆಯ ಮೊದಲು, ಶಾಲೆ ಬಿಟ್ಟ ಮೇಲೆ, ಓದಿದ್ದನ್ನೆಲ್ಲ ಮತ್ತೊಮ್ಮೆ ತಿರುವಿಹಾಕುವ ತಾಸುಗಳು ನಡೆಯುತ್ತವೆ. ನಮ್ಮಲ್ಲಿ ಅದಕ್ಕೆ ಉಜಳಣಿ ಎನ್ನುತ್ತಾರೆ. ಯಾರ ಹತ್ತಿರ ಕೂರಬೇಕೆಂಬುದು ಮಕ್ಕಳ ಇಷ್ಟ. ಒಂದು ವರ್ಷ ನನ್ನ ಮಗಳು ಅಶ್ವಿನಿಯೂ ಹತ್ತನೆಯಲ್ಲಿದ್ದಳು, ನನ್ನದೇ ತರಗತಿಯಲ್ಲಿ. ಒಂದು ಮುಂಜಾನೆ ಚಹಾ ಕುಡಿಯುತ್ತಾ, "ಪಪ್ಪಾ, ಉಜಳಣಿ ನಾ ಅಕ್ಕೋರ ಕಡೆ ಮಾಡತೇನಿ" ಅಂದಳು.

"ಯಾಕ? ನಿಮ್ಮಪ್ಪಗ ಬರಂಗಿಲ್ಲೇನು?"

"ನಿಮಗ ಎಲ್ಲಾ ಬರತೈತಿ. ಅದಕ್ಕ" ಎಂದು ಚೀಲ ಹೆಗಲಿಗೇರಿಸಿ ಹೋದಳು.

ಬೇರೆಯವರ ಮಕ್ಕಳು ಹೋದರೆ ಹೋಗಲಿ. ಇವಳು ನನ್ನ ಮಗಳು. ಇವಳಿಗಾದರೂ ನಾನೇ ಮಾಸ್ತರನಾಗಿರಬೇಕು ಎಂಬುದೊಂದೇ ನನ್ನ ಹಟ. ಉಜಳಣಿಗೆ ನನ್ನ ಹತ್ತಿರ ಉಳಿದವರು ಏಳು ಜನ, ಅವರಲ್ಲಿ ಇಬ್ಬರು ನಿದ್ದೆ ಮಾಡುವವರು.

ನಮ್ಮ ಸೀಮೆಯಲ್ಲಿ ಇಂಥ ರೋಗಕ್ಕೆ ಒಂದು ಹಳೆಯ ಮದ್ದಿದೆ. ಅದೇ ನಿನಾವಿ ಅರ್ಜಿ, ಹೆಸರಿಲ್ಲದ ದೂರು. ಒಳ್ಳೆಯ ಮರಾಠಿಯಲ್ಲಿ ಮುಖ್ಯಾಧ್ಯಾಪಕರಿಗೆ ಬರೆದೆ. ಇಂಗ್ಲಿಷ್ ತಾಸಿನಲ್ಲಿ ಕನ್ನಡ, ಮರಾಠಿ ನಡೆಯುತ್ತವೆ, ಸಂಜೆಯೋ ಮುಂಜಾನೆಯೋ ಎಂದು ಕಾಲು ಗಂಟೆ ಹಾಳಾಗುತ್ತದೆ, ತಾಯಿ ಊಟಕ್ಕೆ ಕರೆದದ್ದು ಬೋರ್ಡ್ ಪರೀಕ್ಷೆಗೆ ಬರುವುದಿಲ್ಲ, ಆದ್ದರಿಂದ ಉಜಳಣಿಯನ್ನು ಈ ಶಿಕ್ಷಕಿಯ ಕೈಯಿಂದ ತೆಗೆಯಬೇಕು. ಕೊನೆಗೆ 'ಒಬ್ಬ ನೊಂದ ಪಾಲಕ' ಎಂದು ಸೇರಿಸಿದೆ. ಕೈಬರಹ ಸಿಕ್ಕಿಬೀಳಬಾರದೆಂದು ಟೈಪ್ ಮಾಡಿಸಿ, ಅಂಚೆಗೆ ಹಾಕಿದೆ.

ಮುಖ್ಯಾಧ್ಯಾಪಕರು ಉತ್ತರ ಬರೆದುಕೊಡಿ ಎಂದು ಅದನ್ನು ಅಕ್ಕೋರ ಕೈಗೇ ಕೊಟ್ಟರು. ಅವರು ಉತ್ತರ ಬರೆಯಲಿಲ್ಲ. ಸಂಜೆ ಉಜಳಣಿಗೆ ತಂದರು.

"ಇವತ್ತಿನ ಪ್ಯಾಸೇಜ್ ಇದು. ಇಂಗ್ಲಿಷ್ ಇಲ್ಲ, ಆದ್ರ ಓದೂದ ಒಂದ ರೀತಿ" ಎಂಬ ಮಾತು ಗೋಡೆಯಾಚೆಯಿಂದ ಕೇಳಿಸಿತು. ನನ್ನ ಏಳು ಜನಕ್ಕೆ ಏನನ್ನೋ ಬರೆಯಲು ಹೇಳಿ ನಾನು ಗೋಡೆಗೆ ಕಿವಿಗೊಟ್ಟೆ. ಅವರು ಅರ್ಜಿಯನ್ನು ಪೂರ್ತಿ ಓದಿದರು. ಆಮೇಲೆ ಕೇಳಿದರು, "ಮಾತಾಡಾಕತ್ತವರು ಯಾರು?"

"ಪಾಲಕರಲ್ಲರಿ" ಎಂದ ಒಬ್ಬ ಹುಡುಗ. "ನಮ್ಮಪ್ಪಗ ಸಿಟ್ಟ ಬಂದ್ರ ಮಗ್ಗಾ ಬಂದ್ ಮಾಡಿ ಶಾಲಿಗೆ ಬಂದು ಒದರತಾನ. ಟೈಪ್ ಮಾಡಸಾಂಗಿಲ್ಲರಿ."

ಎಲ್ಲರೂ ನಕ್ಕರು. "ಮತ್ತ ದನಿ ಎಂಥಾದ್ದೈತಿ?"

"ಸಿಟ್ಟರಿ" ಎಂದವು ನಾಲ್ಕಾರು ಗಂಟಲು. ಆಗ ನನ್ನ ಮಗಳ ದನಿ ಕೇಳಿಸಿತು. "ಸಿಟ್ಟಲ್ಲರಿ, ಹೊಟ್ಟಿಕಿಚ್ಚು. ಅಕ್ಕೋರು ಏನೇನ್ ಅಂದಾರ, ಒಂದೂ ಬಿಡದ ಬರದಾರ. ಇವರಿಗೆ ಹಿಂಗ ಕಲಸಬೇಕಂತ ಆಸೆ ಐತ್ರಿ. ಬರವಲ್ದು."

ಅಕ್ಕೋರು ನಿಂತರು. ಅಷ್ಟು ದೀರ್ಘವಾಗಿ ಅವರು ಎಂದೂ ನಿಂತಿರಲಿಲ್ಲ. ನಂತರ ಕಾಗದ ಮಡಿಸಿದ ಸದ್ದು. "ಸಾಕು. ಬರದವರ ಹೆಸರ ಹುಡಕೂದು ನಮ್ಮ ಕೆಲಸಲ್ಲ. ಪುಸ್ತಕಾ ತಗೀರಿ" ಎಂದರು.

ಮರುದಿನ ಶಿಕ್ಷಕರ ಕೋಣೆಯಲ್ಲಿ ಎಂದಿನಂತೆ ನನ್ನ ಕಡೆಗೆ ಚಹಾದ ಕಪ್ಪು ಸರಿಸಿ, "ತಣ್ಣಗಾಗತೈತ್ರಿ ಸರ್" ಎಂದರು. ಅದನ್ನು ಕುಡಿಯುವುದು ನನಗೆ ಕಷ್ಟವಾಯಿತು. ಅವರು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅರ್ಜಿಯ ಮಾತನ್ನು ಅವರು ನಿವೃತ್ತಿಯಾಗುವವರೆಗೂ ಎತ್ತಲಿಲ್ಲ. ಆಮೇಲೆ ಗಡಹಿಂಗ್ಲಜದಲ್ಲಿ ತಮ್ಮನ ಮನೆಗೆ ಹೋದರು. ಕೊಲ್ಹಾಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ಅಶ್ವಿನಿ ಅವರಿಗೆ ವಾರವಾರವೂ ಫೋನ್ ಮಾಡುತ್ತಿದ್ದಳು. ನನಗೆ ಹಬ್ಬಕ್ಕೆ ಮಾಡುತ್ತಾಳೆ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಶಾಲೆಯ ವಾಟ್ಸಾಪ್ ಗುಂಪಿಗೆ ಬಂತು. ತಂದೆ ಮಗಳು ಒಂದೇ ಬಸ್ಸಿನಲ್ಲಿ ಹೊರಟೆವು. ಕಾಗಲ ದಾಟಿದ ಮೇಲೆ ನಾನು ಹೇಳಿದೆ, "ಅಶ್ವಿನಿ, ಆ ಅರ್ಜಿ ಬರದಾಂವ ನಾನ."

"ಗೊತ್ತೈತಿ ಪಪ್ಪಾ. ಅಕ್ಕೋರಿಗೂ ಗೊತ್ತಿತ್ತು."

"ಏನಂದ್ರು?"

"ಇಡೀ ಶಾಲ್ಯಾಗ ನನ್ನ ಪಾಠ ಇಷ್ಟ ಮನಸಿಟ್ಟ ಕೇಳಿದವರು ನಿಮ್ಮಪ್ಪ ಒಬ್ಬರ ನೋಡವಾ, ಅಂದ್ರು."

ಕ್ಷಮಿಸಿದರಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಅವರಿಬ್ಬರೇ ನನ್ನ ಗುಟ್ಟನ್ನು ಹಂಚಿಕೊಂಡು ಕೂತಿದ್ದರಲ್ಲ ಎಂದು ಕಿಟಕಿಯ ಕಡೆ ತಿರುಗಿದೆ.

ಗಡಹಿಂಗ್ಲಜದ ಮನೆಯಲ್ಲಿ ಅಕ್ಕೋರ ತಮ್ಮ ಅಶ್ವಿನಿಯನ್ನು ಗುರುತಿಸದೆ, ನೀವು ಯಾರೆಂದು ಕೇಳಿದರು. "ನಾ ಇವರ ಮಗಳಿದ್ದಂಗ್ರಿ" ಎಂದು ಅವಳು ಹೆಣದ ಪಕ್ಕ ಕುಸಿದು ಅಳತೊಡಗಿದಳು. ನಾನು ಹಾರ ಹಿಡಿದು ಅವಳ ಹಿಂದೆ ನಿಂತಿದ್ದೆ. ಸತ್ತವರ ಮುಂದೆಯೂ ನನ್ನ ಹೊಟ್ಟೆ ಉರಿಯಿತು. ನಾನು ಹೋದ ದಿನ ಇವಳು ಇಷ್ಟು ಅಳುತ್ತಾಳೆಯೇ ಎಂದು ಮಗಳ ಬೆನ್ನನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಹೆಣ ಎತ್ತಿದರು. ಅಕ್ಕೋರ ಮುಖವನ್ನು ಕಡೆಯ ಸಲ ನೋಡುವುದು ನನ್ನಿಂದ ಆಗಲೇ ಇಲ್ಲ.